ನಾಲ್ಕು ಕೈಯ ರೊಟ್ಟಿ

ನೀಲವ್ವ ಅಡುಗೆ ರೋಬೋಗಳಿಗೆ ಬೇಕಾದ ಸಾಫ್ಟ್‌ವೇರನ್ನು ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ನಿನ್ನೆಯ ಗಡಿಬಿಡಿಯಲ್ಲಿ, ‘ನಾಲ್ಕು ಕೈ ನಡೆಸುವ ಪ್ರೊಸೆಸರಿಗೆ ಮಾತ್ರ’ ಎಂದು ಚೀಟಿ ಅಂಟಿಸಿದ್ದ ರೊಟ್ಟಿಯ ಪೊಟ್ಟಣವನ್ನು ದ್ಯಾಮಕ್ಕನಿಗೆ ಕೊಟ್ಟುಬಿಟ್ಟಿದ್ದಳು. ದ್ಯಾಮಕ್ಕನ ಹಳೆಯ ರೋಬೋಗೆ ಇದ್ದದ್ದು ಎರಡೇ ಕೈ.

ಇಂದು ಬೆಳಿಗ್ಗೆ ದ್ಯಾಮಕ್ಕ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಕಂಡು ನೀಲವ್ವ ಗಡಬಡಿಸಿ ಎದ್ದು ನಿಂತಳು.

“ತಪ್ಪಾತ್ರೀ ಅಕ್ಕಾ, ಬದಲಿ ಕೊಡ್ತೀನ್ರಿ.”

“ತಡಿ ನೀಲವ್ವಾ! ರೋಬೋ ಒಂದು ರೊಟ್ಟಿ ಬಡದು, ‘ಇನ್ನೆರಡು ಕೈ ಬೇಕು’ ಅಂತ ಒದರಾಕ ಹತ್ತಿತು. ಆರು ತಿಂಗಳಿಂದ ನನ್ನ ಜೋಡಿ ಮಾತು ಬಿಟ್ಟಿದ್ದ ಸೊಸಿ ಓಡಿ ಬಂದು ಹಂಚಿನ ಮುಂದ ಕುಂತ್ಲು. ನಕ್ಕೋಂತ ಮೂವತ್ತು ರೊಟ್ಟಿ ಬೇಯಿಸಿ, ಮೊದಲನೇದು ನನಗ ಬಡಿಸಿದ್ಲು.”

ನೀಲವ್ವ ನಿರಾಳವಾಗಿ ನಕ್ಕಳು. “ಮತ್ತ ಈಗ ಏನ್ ಕೊಡ್ಲಿ?”

“ಆರು ಕೈದು ಐತೇನು? ಮನ್ಯಾಗ ನನ್ನ ಮಗಾನೂ ಸುಮ್ನ ಕುಂತಾನ.”