ಚುಕ್ಕಾಣಿಯಿಂದ ಹಾಯಿಯವರೆಗೆ

"ಅವನಿಗೆ ಹೇಳು, ಹಗ್ಗ ಬಿಗಿ ಮಾಡ್ಲಿ!" ಚುಕ್ಕಾಣಿ ಹಿಡಿದಿದ್ದ ಅಣ್ಣ ಕಿರುಚಿದ.

ಅವನ ಹೆಂಡತಿ ದೋಣಿಯ ಮುಂಭಾಗಕ್ಕೆ ತೆವಳಿದಳು. ಅಲ್ಲಿ ಹಾಯಿಯ ಹಗ್ಗ ಹಿಡಿದು ಕೂತಿದ್ದವನು ಅವಳ ಮೈದುನ. "ಹಗ್ಗ ಬಿಗಿ ಮಾಡ್ಬೇಕಂತೆ."

"ಬಿಗಿಯಾಗೇ ಇದೆ. ಕಣ್ಣಿದ್ರೆ ನೋಡ್ಲಿ ಅನ್ನಿ, ಅತ್ತಿಗೆ."

ಹಿಂದಕ್ಕೆ ತೆವಳಿ ಅದನ್ನೂ ಹಾಗೇ ಹೇಳಿದಳು. ಅಣ್ಣತಮ್ಮಂದಿರು ಮಾತು ಬಿಟ್ಟು ಆರು ವರ್ಷ. ಜಗಳ ಯಾವುದಕ್ಕೆಂದು ಕೇಳಿದರೆ ಇಬ್ಬರೂ ತಲೆ ಕೆರೆದುಕೊಳ್ಳಬೇಕು. ಒಂದೇ ಮನೆ, ಒಂದೇ ಅಡುಗೆ. ನಡುವೆ ಮಾತು ದಾಟಿಸುವುದು ಮಾತ್ರ ಇವಳ ಪಾಲಿಗೆ. ಉಪ್ಪುಖಾರ ಹಚ್ಚುವವಳಲ್ಲ ಎಂದೇ ಇಬ್ಬರಿಗೂ ಇವಳ ಮೇಲೆ ನಂಬಿಕೆ.

ದೊಡ್ಡ ಬಂದರಿನ ಊರಲ್ಲಿ ಅಣ್ಣತಮ್ಮಂದಿರ ಅಮ್ಮ ಕಾಯುತ್ತಿದ್ದಳು. ಇಬ್ಬರೂ ಒಂದೇ ದೋಣಿಯಲ್ಲಿ ಬಂದರಷ್ಟೇ ಬಾಗಿಲು ತೆಗೆಯುವುದು ಎಂದು ಅವಳ ಹಟ. ಬೆಳಿಗ್ಗೆ ಹೊರಟಾಗ ಕಡಲು ಸುಮ್ಮನಿತ್ತು. ಮಧ್ಯಾಹ್ನಕ್ಕೆ ಆಕಾಶ ಕಪ್ಪಿಟ್ಟಿತು. ಅಲೆಗಳು ಅಂಚು ದಾಟಿ ಒಳಗೇ ಬೀಳತೊಡಗಿದವು. ಬಂದರು ಇನ್ನೂ ಮೂರು ಗಂಟೆ ದೂರ.

ಬಲಕ್ಕೆ, ನದಿ ಕಡಲನ್ನು ಸೇರುವ ಅಳಿವೆ ಕಾಣುತ್ತಿತ್ತು. ಹೊಕ್ಕರೆ ಬದುಕಿದಂತೆ. ಆದರೆ ತಿರುಗುವಾಗ ಚುಕ್ಕಾಣಿ, ಹಾಯಿ ಎರಡೂ ಒಟ್ಟಿಗೇ ಆಡಬೇಕು. ಒಬ್ಬ ತಿರುಗಿಸಿ ಇನ್ನೊಬ್ಬ ಸುಮ್ಮನೆ ಕೂತರೆ ದೋಣಿ ಮಗುಚುವುದೇ ಸೈ.

ಈಗ ಗಾಳಿಯಲ್ಲಿ ಕಿರುಚಿದ್ದೂ ಕೇಳದು. ಏನು ಮಾಡುವುದೆಂದು ಕೇಳಿ ಅವಳು ಮೈದುನನ ಬಾಯಿಗೆ ಕಿವಿಯಿಟ್ಟಳು. ತೆವಳಿ ಬಂದು ಗಂಡನ ಬಾಯಿಗೂ ಕಿವಿಯಿಟ್ಟಳು.

"ರೀ, ಅಳಿವೆಗೆ ಹೋಗೋಣ ಅಂತಾನೆ ನಿಮ್ಮ ತಮ್ಮ. ಅಣ್ಣನ ಕೈ ಚುಕ್ಕಾಣಿ ಮೇಲಿದ್ರೆ ನಂಗೆ ಭಯ ಇಲ್ಲ ಅಂದ."

"ಅವನು ಹಾಗಂದ್ನಾ?"

"ಅಂದ."

ಗಂಡ ಅಳಿವೆಯತ್ತ ಕಣ್ಣು ಹಾಯಿಸಿದ. "ಸರಿ. ನಾನು ಕೈ ಎತ್ತಿದ ತಕ್ಷಣ ಹಾಯಿ ಇಳಿಸ್ಲಿ."

ಅವಳು ಮತ್ತೆ ಮುಂದಕ್ಕೆ ತೆವಳಿದಳು. "ಅಳಿವೆಗೆ ತಿರುಗಿಸ್ತಾರಂತೆ. ಹಟ ಗಿಟ ಆಮೇಲೆ, ಮೊದಲು ನನ್ನ ತಮ್ಮ ಉಳೀಬೇಕು ಅಂದ್ರು. ಅವರು ಕೈ ಎತ್ತಿದ ತಕ್ಷಣ ಇಳಿಸು."

ಕೈ ಮೇಲೆದ್ದಿತು. ಹಾಯಿ ದಡಾರನೆ ಕೆಳಗಿಳಿಯಿತು. ದೋಣಿ ಪಕ್ಕಕ್ಕೆ ವಾಲಿ, ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ನೆಟ್ಟಗಾಗಿ ಅಳಿವೆಯೊಳಗೆ ನುಗ್ಗಿತು.

ದಡದ ಕೆಸರಲ್ಲಿ ಮೂವರೂ ಕುಸಿದು ಕೂತರು. ತಮ್ಮನೇ ಮೊದಲು ಬಾಯಿಬಿಟ್ಟ.

"ಅಣ್ಣಾ... ನನ್ನ ತಮ್ಮ ಉಳೀಬೇಕು ಅಂದ್ಯಂತೆ."

"ನಾನೆಲ್ಲಿ ಅಂದೆ? ಅಳಿವೆಗೆ ಹೋಗೋಣ ಅಂದಿದ್ದು ನೀನು ತಾನೆ?"

"ನಾನಾ?"

ಇಬ್ಬರೂ ಅವಳತ್ತ ತಿರುಗಿದರು.

"ನನ್ನ ಕಿವಿಯಲ್ಲಿ ನೀವಿಬ್ಬರೂ ಅಂದಿದ್ದು ಒಂದೇ ಮಾತು," ಒದ್ದೆ ಕೂದಲು ಹಿಂಡುತ್ತ ಅವಳು ಹೇಳಿದಳು. "'ಅವನ ಮುಂದೆ ಹೆದರಿ ನಾನಂತೂ ತಿರುಗಲ್ಲ, ದೋಣಿ ಮುಂದಕ್ಕೇ ಹೋಗ್ಲಿ.'"