ದೇವರ ಗಂಟು

ಹಿಮದ ಬೆಟ್ಟಗಳ ಮೇಲೆ ಹಾರುವ ಪುಟ್ಟ ವಿಮಾನ ಎಲ್ಲಾದರೂ ಬಿದ್ದರೆ ಜೀವ ಉಳಿಸಿಕೊಳ್ಳಲು ಬೇಕಾದ ಚೀಲವನ್ನು ಕಟ್ಟಿಕೊಡುವುದು ಬೆಳ್ಳಿಯಪ್ಪನ ಕೆಲಸ. ಕಂಬಳಿ, ಬೆಂಕಿಪೊಟ್ಟಣ, ಬೆಲ್ಲ, ಸೀಟಿ ಎಲ್ಲವನ್ನೂ ತುಂಬಿ, ದೇವರ ಹೆಸರು ಹೇಳುತ್ತಾ ಚೀಲದ ಬಾಯಿಗೆ ಮೂರು ಗಂಟು ಬಿಗಿಯುತ್ತಿದ್ದ. ಎಂಥ ಕುಲುಕಾಟಕ್ಕೂ ಅದು ಸಡಿಲವಾದದ್ದಿಲ್ಲ. ಹೋದ ಚಳಿಗಾಲದಲ್ಲಿ ವಿಮಾನ ಬೆಟ್ಟದ ಮೇಲೆ ಬಿದ್ದು ಒಬ್ಬ ಪೈಲಟ್ ಸತ್ತ ಮೇಲಂತೂ ಗಂಟನ್ನು ಇನ್ನೂ ಬಿಗಿ ಮಾಡಿದ್ದ.

ಇವತ್ತು ಅದೇ ದಾರಿಯಲ್ಲಿ ವಿಮಾನ ಹಾರಿಸಲು ಹೊರಟವಳು ಸತ್ತವನ ತಂಗಿ ತಾರಿಣಿ. ಬೆಳ್ಳಿಯಪ್ಪ ಕಟ್ಟಿಟ್ಟ ಚೀಲವನ್ನು ಅವಳು ಉಗುರು ಹಾಕಿ ಬಿಚ್ಚತೊಡಗಿದಳು.

“ಅಯ್ಯೋ, ಬಿಡಮ್ಮ! ದೇವರ ಹೆಸರು ಹೇಳಿ ಹಾಕಿದ ಗಂಟು ಅದು.”

“ಒಂದು ಬೆರಳಲ್ಲಿ ಎಳೆದರೆ ಬಿಚ್ಚಿಕೊಳ್ಳೋ ಹಾಗೆ ಕಟ್ಟಿ, ಮಾವ.”

“ಇದೇನು ನಿನ್ನ ಜಡೆ ರಿಬ್ಬನ್ನಾ?” ಬೆಳ್ಳಿಯಪ್ಪ ನಕ್ಕು ಹಗ್ಗ ಕಿತ್ತುಕೊಂಡ.

ಅವಳು ನಗಲಿಲ್ಲ. “ಅಣ್ಣ ಬಿದ್ದ ಕೂಡಲೇ ಸಾಯಲಿಲ್ಲ, ಮಾವ. ಚಳಿಗೆ ಬೆರಳೆಲ್ಲ ಮರಗಟ್ಟಿ, ಆಮೇಲೆ ಹೋದದ್ದು.”

“ಅದು ಹೇಗಾಗುತ್ತಮ್ಮ? ಕಂಬಳಿ ಇತ್ತು, ಬೆಂಕಿಪೊಟ್ಟಣ ಇತ್ತು. ಈ ಕೈಯಾರೆ ತುಂಬಿ ಕೊಟ್ಟಿದ್ದೆನಲ್ಲ!”

ಹುಡುಕಲು ಹೋದವರು ಅಣ್ಣನ ಚೀಲದಿಂದ ಕೊಯ್ದು ತಂದುಕೊಟ್ಟಿದ್ದ ಹಗ್ಗದ ತುಂಡನ್ನು ಅವಳು ಜೇಬಿನಿಂದ ತೆಗೆದು, ಅವನ ಅಂಗೈಯಲ್ಲಿಟ್ಟಳು.

ಮೂರು ಗಂಟೂ ಹಾಕಿದ ಹಾಗೆಯೇ ಇದ್ದವು. ಅವುಗಳ ಸುತ್ತ ಹಲ್ಲಿನ ಗುರುತುಗಳಿದ್ದವು.