ಅಧ್ಯಕ್ಷೆಯ ಮತ

ಮಹಿಳಾ ಮೀಸಲಿನಲ್ಲಿ ಪಂಚಾಯ್ತಿ ಅಧ್ಯಕ್ಷೆಯಾದ ದಿನವೇ ಕಾಶವ್ವ ಗಂಡನಿಗೆ ಮಾತು ಕೊಟ್ಟಿದ್ದಳು: ಅವನು ಹೇಳದೆ ಸಭೆಯಲ್ಲಿ ಕೈ ಎತ್ತುವುದಿಲ್ಲವೆಂದು. ಅಂದಿನಿಂದ ಅಧ್ಯಕ್ಷರ ಕುರ್ಚಿಯಲ್ಲಿ ಅವನೇ ಕೂತ. ಅವಳು ಪಕ್ಕದ ಸ್ಟೂಲಿನಲ್ಲಿ ಕೂತು, ತೋರಿಸಿದಲ್ಲಿ ಸಹಿ ಹಾಕಿದಳು.

ಒಂದು ದಿನ ಅವಿಶ್ವಾಸ ನಿರ್ಣಯ ಬಂತು. ಸಭೆ ನಡೆಸಲು ಬಂದ ಸಾಹೇಬರು, ಸದಸ್ಯನಲ್ಲದ ಅವನನ್ನು ಹೊರಗೆ ಕಳಿಸಿದರು. ಅವನು ಕಿಟಕಿಗೆ ಬಂದು ನಿಂತ.

"ಹೆದರಬ್ಯಾಡ. ಅವ್ರಿಗೆ ಒಂದು ಮತ ಕಡಿಮಿ ಐತಿ. ನೀ ಸುಮ್ನ ಕುಂದ್ರು, ನಿನ್ನ ಖುರ್ಚಿ ಎಲ್ಲೂ ಹೋಗಂಗಿಲ್ಲ."

"ಅದರಾಗ ನಾ ಯಾವಾಗ ಕುಂತೀನ್ರಿ?"

"ಬಾಯಿ ಬಂತೇನ ನಿನಗ? ಸೆರಗು ಸರಿ ಮಾಡ್ಕೋ."

"ಅಧ್ಯಕ್ಷರನ್ನು ಇಳಿಸಬೇಕು ಅನ್ನುವವರು ಕೈ ಎತ್ತಿ" ಎಂದರು ಸಾಹೇಬರು.

ಎಲ್ಲರಿಗಿಂತ ಮೊದಲು ಕಾಶವ್ವನೇ ಕೈ ಎತ್ತಿ ಮಾತಿಗೆ ತಪ್ಪಿದಳು.